ಕೊಟ್ಟ ಮೇಲೆ ಲೆಕ್ಕ ಕೇಳುವ ಸರ್ಕಾರ

ನಮ್ಮ ಕಡೆ ಪಂಚಾಯ್ತಿಯಿಂದ ಮನೆ ಮಂಜೂರಾದರೆ ದುಡ್ಡು ಒಂದೇ ಸಲ ಕೈಗೆ ಬರುವುದಿಲ್ಲ. ಪಾಯ ಎದ್ದರೆ ಒಂದು ಫೋಟೊ. ಗೋಡೆ ಲಿಂಟಲ್ ಮಟ್ಟಕ್ಕೆ ಬಂದರೆ ಇನ್ನೊಂದು. ತಾರಸಿ ಹಾಕಿದ ಮೇಲೆ ಮತ್ತೊಂದು. ಜಿಪಿಎಸ್ ಗುರುತಿನ ಸಮೇತ ಆ ಫೋಟೊ ವಸತಿ ನಿಗಮದ ತಂತ್ರಾಂಶಕ್ಕೆ ಏರಿದ ಮೇಲೆಯೇ ಮುಂದಿನ ಕಂತು. ಒಂದು ಲಕ್ಷ ಇಪ್ಪತ್ತು ಸಾವಿರ ರೂಪಾಯಿಯ ಮನೆಗೆ ಇಷ್ಟು ಕಟ್ಟುಪಾಡು.

ಅಮೆರಿಕದ ಮಿನ್ನೆಸೋಟ ರಾಜ್ಯದಲ್ಲಿ ಕೋವಿಡ್ ಕಾಲದಲ್ಲಿ ಬಡಮಕ್ಕಳ ಊಟದ ಹೆಸರಿನಲ್ಲಿ 25 ಕೋಟಿ ಡಾಲರ್ ಕಳುವಾಯಿತು ಎನ್ನುತ್ತದೆ ಅಲ್ಲಿನ ಫೆಡರಲ್ ಪ್ರಾಸಿಕ್ಯೂಷನ್. ವ್ಯವಸ್ಥೆ ಇದ್ದದ್ದು ಹೀಗೆ: ದುಡ್ಡು ವಾಷಿಂಗ್ಟನ್ನಿನ ಕೃಷಿ ಇಲಾಖೆಯದು, ಹಂಚುವುದು ರಾಜ್ಯದ ಶಿಕ್ಷಣ ಇಲಾಖೆ, ಅದರ ಕೆಳಗೆ ಪ್ರಾಯೋಜಕ ಸಂಸ್ಥೆ, ಇನ್ನೂ ಕೆಳಗೆ ಊಟ ಬಡಿಸುವ ಜಾಗಗಳು. ಬಡಿಸುವವರು ‘ಇಷ್ಟು ಊಟ ಬಡಿಸಿದೆವು’ ಎಂದು ಬರೆದು ಕಳಿಸುತ್ತಾರೆ. ಊಟಕ್ಕೆ ಇಷ್ಟು ಎಂಬ ದರದಲ್ಲಿ ಗುಣಿಸಿ ಹಣ ಬರುತ್ತದೆ. ಪ್ರಾಯೋಜಕ ಸಂಸ್ಥೆ ಅದರಲ್ಲಿ ಆಡಳಿತ ವೆಚ್ಚವೆಂದು ಒಂದು ಪಾಲು ಹಿಡಿದುಕೊಳ್ಳುತ್ತದೆ. ಕೆಳಗಿನವರ ಲೆಕ್ಕ ಸರಿಯಿದೆಯೇ ಎಂದು ನೋಡಬೇಕಾದದ್ದೂ ಅದೇ ಸಂಸ್ಥೆ. ಊಟದ ಸಂಖ್ಯೆ ಏರಿದಷ್ಟೂ ಕಾವಲುಗಾರನ ಆದಾಯವೇ ಏರುವ ಏರ್ಪಾಡು ಇದು. ಕೋವಿಡ್ ಬಂದಾಗ ಸ್ಥಳಕ್ಕೆ ಹೋಗಿ ನೋಡಬೇಕೆಂಬ ನಿಯಮವನ್ನೂ ಸಡಿಲಿಸಿದರು. ‘ಫೀಡಿಂಗ್ ಅವರ್ ಫ್ಯೂಚರ್’ ಎಂಬ ಒಂದೇ ಸಂಸ್ಥೆಯ ಮೂಲಕ 2019ರಲ್ಲಿ ಹರಿದದ್ದು ಸುಮಾರು 34 ಲಕ್ಷ ಡಾಲರ್. 2021ರಲ್ಲಿ ಸುಮಾರು 20 ಕೋಟಿ. ಊಟ ಮಾಡಿದ ಮಕ್ಕಳ ಪಟ್ಟಿಯಲ್ಲಿ ಹೆಸರುಗಳೇ ಕಟ್ಟುಕತೆ. ಕೆಲವು ಪಟ್ಟಿಗಳಲ್ಲಿ 7ರಿಂದ 17ರವರೆಗಿನ ವಯಸ್ಸನ್ನು ಎಕ್ಸೆಲ್ ಸೂತ್ರ ಹಾಕಿ ಮನಸ್ಸಿಗೆ ಬಂದಂತೆ ತುಂಬಿಸಿದ್ದರು. ರಾಜ್ಯದ ಇಲಾಖೆಗೆ ಅನುಮಾನ ಬಂದಿತ್ತು, ತಡೆಯಲೂ ನೋಡಿತು. ಸಂಸ್ಥೆ ಕೋರ್ಟಿಗೆ ಹೋಯಿತು, ಹಣ ಹರಿಯುತ್ತಲೇ ಹೋಯಿತು. 2022ರ ಸೆಪ್ಟೆಂಬರ್‌ನಲ್ಲಿ ಆರೋಪಪಟ್ಟಿಗಳು ಬಂದವು. ಅಷ್ಟು ಹೊತ್ತಿಗೆ ಆ ದುಡ್ಡು ಮನೆ, ಕಾರು, ವಿದೇಶದ ಆಸ್ತಿಯಾಗಿತ್ತು. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ ಹಾಗೆ.

ಈ ದಿಡ್ಡಿ ಬಾಗಿಲಿನ ಪದ್ಧತಿಗೆ ಅಮೆರಿಕದ ಲೆಕ್ಕಪರಿಶೋಧಕರ ಬಾಯಲ್ಲಿ ಒಂದು ಹೆಸರೇ ಇದೆ: ‘ಪೇ ಅಂಡ್ ಚೇಸ್’. ಮೊದಲು ಕೊಡು, ಆಮೇಲೆ ಅಟ್ಟಿಸಿಕೊಂಡು ಹೋಗು. ಸರ್ಕಾರ ಚಿಕ್ಕದಾಗಿರಲಿ, ತೆರಿಗೆ ಕಡಿಮೆಯಿರಲಿ, ಖರ್ಚಿನ ನಿರ್ಧಾರ ಜನರಿಗೆ ಹತ್ತಿರವಿರಲಿ ಎನ್ನುವ ಅಮೆರಿಕದ ಕನ್ಸರ್ವೇಟಿವ್ ವಾದವನ್ನು ನಾನು ಒಪ್ಪುತ್ತೇನೆ. ಆದರೆ ಆ ವಾದ ಮಾಡುವವರು ಪೋಲಿನ ಬೇರನ್ನು ಬಿಟ್ಟು ಎಲೆಗಳನ್ನು ಎಣಿಸುತ್ತ ಕೂತಿದ್ದಾರೆ. ಖರ್ಚು ಮಾಡುವವನೊಬ್ಬ, ದುಡ್ಡು ಕೊಡುವವನೊಬ್ಬ, ಪರೀಕ್ಷೆ ಮಾಡುವವನು ಇನ್ನೊಬ್ಬ, ಅದೂ ಎಲ್ಲ ಮುಗಿದ ಮೇಲೆ. ಬೇರು ಇರುವುದು ಇಲ್ಲಿ.

ಮೊದಲು ಗಾತ್ರ ಎಷ್ಟೆಂದು ನೋಡೋಣ. 2025ರ ಸೆಪ್ಟೆಂಬರ್ 30ಕ್ಕೆ ಮುಗಿದ ವರ್ಷದಲ್ಲಿ ಫೆಡರಲ್ ಸರ್ಕಾರ ಖರ್ಚು ಮಾಡಿದ್ದು ಸುಮಾರು 7 ಲಕ್ಷ ಕೋಟಿ ಡಾಲರ್, ಬಂದ ಆದಾಯ ಸುಮಾರು 5.2 ಲಕ್ಷ ಕೋಟಿ. ನಡುವಿನ ಸುಮಾರು 1.8 ಲಕ್ಷ ಕೋಟಿ ಸಾಲ. ಅದು ಯುದ್ಧದ ವರ್ಷವಲ್ಲ, ಮಹಾಮಾರಿಯ ವರ್ಷವೂ ಅಲ್ಲ. ಆ ಅಕ್ಟೋಬರ್‌ನಲ್ಲಿ ಒಟ್ಟು ಸಾಲ 38 ಲಕ್ಷ ಕೋಟಿ ಡಾಲರ್ ದಾಟಿತು. ಬಡ್ಡಿಗೆ ಹೋಗುವ ಹಣ ಈಗ ರಕ್ಷಣೆಗೆ ಹೋಗುವುದಕ್ಕಿಂತ ಹೆಚ್ಚು.

ಇದರಲ್ಲಿ ತಪ್ಪು ಕೈಗೆ ಹೋಗುವುದೆಷ್ಟು? ನಮ್ಮಲ್ಲಿ ಸಿಎಜಿ ಮಾಡುವ ಕೆಲಸವನ್ನು ಅಲ್ಲಿ 1921ರ ಕಾಯ್ದೆಯಿಂದ ಹುಟ್ಟಿದ ಜಿಎಒ ಮಾಡುತ್ತದೆ. 2024ರ ಆರ್ಥಿಕ ವರ್ಷದಲ್ಲಿ ಇಲಾಖೆಗಳು ತಾವೇ ಒಪ್ಪಿಕೊಂಡ ಅನುಚಿತ ಪಾವತಿ 16,200 ಕೋಟಿ ಡಾಲರ್ ಎಂದು ಅದು ಲೆಕ್ಕ ಕೊಟ್ಟಿದೆ. ಅದರಲ್ಲಿ ಹಿರಿಯರ ಆರೋಗ್ಯ ವಿಮೆಯಾದ ಮೆಡಿಕೇರ್ 5,400 ಕೋಟಿ, ಬಡವರ ಆರೋಗ್ಯ ಯೋಜನೆಯಾದ ಮೆಡಿಕೇಡ್ 3,100 ಕೋಟಿ. 2003ರಿಂದ ಕೂಡಿದರೆ ಮೊತ್ತ 2.8 ಲಕ್ಷ ಕೋಟಿ. ಇಲ್ಲಿ ಒಂದು ಎಚ್ಚರಿಕೆ ಹೇಳಲೇಬೇಕು. ಅನುಚಿತ ಪಾವತಿ ಎಂದರೆ ಪೂರ್ತಿ ಕಳ್ಳತನವಲ್ಲ. ಅರ್ಹರಿಗೆ ಕಡಿಮೆ ಕೊಟ್ಟದ್ದು, ಕಾಗದಪತ್ರ ಇಲ್ಲದೆ ಕೊಟ್ಟದ್ದು ಎಲ್ಲವೂ ಅದರೊಳಗಿದೆ. ಟೀವಿ ಚರ್ಚೆಗಳಲ್ಲಿ ಈ ಸಂಖ್ಯೆಯನ್ನು ಇಡಿಯಾಗಿ ಕಳ್ಳತನ ಎಂದು ಹೇಳುವ ನಮ್ಮ ಕನ್ಸರ್ವೇಟಿವ್ ಕಡೆಯವರೇ ವಾದವನ್ನು ಸಡಿಲ ಮಾಡುತ್ತಾರೆ. ವಂಚನೆಯನ್ನು ಮಾತ್ರ ಎಣಿಸಿದ ಇನ್ನೊಂದು ಅಂದಾಜನ್ನು ಜಿಎಒ 2024ರ ಏಪ್ರಿಲ್‌ನಲ್ಲಿ ಕೊಟ್ಟಿತು: ವರ್ಷಕ್ಕೆ 23,300 ಕೋಟಿಯಿಂದ 52,100 ಕೋಟಿ ಡಾಲರ್. ಅದು 2018ರಿಂದ 2022ರವರೆಗಿನ ಮಾಹಿತಿಯ ಮೇಲೆ ನಿಂತದ್ದು, ಅಂದರೆ ಕೋವಿಡ್ ಕಾಲದ ಗಲಿಬಿಲಿಯೂ ಸೇರಿದೆ.

ಮೆಡಿಕೇರ್ ಹಣ ಏಕೆ ಸೋರುತ್ತದೆ? ದೋಷವಿಲ್ಲದ ಬಿಲ್ಲು ಬಂದರೆ 30 ದಿನದೊಳಗೆ ಹಣ ಕೊಡಬೇಕು, ತಡವಾದರೆ ಸರ್ಕಾರವೇ ಬಡ್ಡಿ ಕಟ್ಟಬೇಕು ಎಂಬ ಕಾನೂನಿದೆ. ವರ್ಷಕ್ಕೆ ನೂರು ಕೋಟಿಗೂ ಹೆಚ್ಚು ಬಿಲ್ಲುಗಳು ಬರುತ್ತವೆ. ಕಂಪ್ಯೂಟರ್ ನೋಡುವುದು ಸಂಕೇತ ಸರಿಯಿದೆಯೇ, ರೋಗಿಯ ಸಂಖ್ಯೆ ಸರಿಯಿದೆಯೇ ಎಂಬುದನ್ನೇ ಹೆಚ್ಚಾಗಿ. ರೋಗಿಗೆ ಬಿಲ್ಲಿನಲ್ಲಿರುವ ಉಪಕರಣ ಬೇಕಿತ್ತೇ, ಅದು ಅವರ ಮನೆಗೆ ತಲುಪಿತೇ ಎಂದು ಹಣ ಕೊಡುವ ಮುಂಚೆ ಕೇಳುವುದು ಅಪರೂಪ. 2025ರ ಜೂನ್‌ನಲ್ಲಿ ‘ಆಪರೇಷನ್ ಗೋಲ್ಡ್ ರಶ್’ ಎಂಬ ಪ್ರಕರಣದಲ್ಲಿ ಹೊರಬಂದದ್ದು 1,060 ಕೋಟಿ ಡಾಲರ್ ಮೊತ್ತದ ಸುಳ್ಳು ಬಿಲ್ಲುಗಳು, ಮುಖ್ಯವಾಗಿ ಮೂತ್ರದ ಕ್ಯಾಥೆಟರ್‌ಗಳಿಗೆ. ಆಗಲೇ ನಡೆಯುತ್ತಿದ್ದ ಉಪಕರಣ ಕಂಪನಿಗಳನ್ನು ಕೊಂಡುಕೊಂಡು, ಕದ್ದ ಹೆಸರು ಮತ್ತು ಸಂಖ್ಯೆಗಳನ್ನು ಹಾಕಿ ಬಿಲ್ಲು ಕಳಿಸಿದ್ದರು. ಈ ಸಲ ಬಹುಪಾಲು ಹಣವನ್ನು ಹೋಗುವ ಮುಂಚೆಯೇ ತಡೆದರು. ತಡೆಯುವುದು ಸಾಧ್ಯವಿದೆ ಎಂಬುದಕ್ಕೆ ಇದೇ ಸಾಕ್ಷಿ.

ಸ್ನ್ಯಾಪ್ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳಬೇಕು. ಹಿಂದೆ ಫುಡ್ ಸ್ಟ್ಯಾಂಪ್ ಎನ್ನುತ್ತಿದ್ದ, ನಮ್ಮ ಪಡಿತರಕ್ಕೆ ಹತ್ತಿರದ ಯೋಜನೆ ಅದು. 2024ರಲ್ಲಿ ಸುಮಾರು 4.2 ಕೋಟಿ ಜನ, ವರ್ಷಕ್ಕೆ ಹತ್ತಿರ ಹತ್ತಿರ 10,000 ಕೋಟಿ ಡಾಲರ್. ಜನರಿಗೆ ಕೊಡುವ ಹಣ ನೂರಕ್ಕೆ ನೂರು ವಾಷಿಂಗ್ಟನ್ನಿನದು; ಯಾರು ಅರ್ಹರು, ಎಷ್ಟು ಕೊಡಬೇಕು ಎಂದು ತೀರ್ಮಾನಿಸುವುದು ರಾಜ್ಯಗಳು. ತಪ್ಪು ಮಾಡಿದರೆ ರಾಜ್ಯದ ಕಿಸೆಯಿಂದ ಹೋಗುವುದು ತೀರ ಕಡಿಮೆ. ಸರಿಯಾಗಿ ಪರೀಕ್ಷಿಸಬೇಕೆಂದರೆ ಸಿಬ್ಬಂದಿ ಬೇಕು, ಆ ಸಂಬಳದಲ್ಲಿ ಕನಿಷ್ಠ ಅರ್ಧವನ್ನು ರಾಜ್ಯವೇ ಕೊಡಬೇಕು. 2024ರಲ್ಲಿ ದೇಶದ ಸರಾಸರಿ ತಪ್ಪಿನ ಪ್ರಮಾಣ ಶೇ 10.93. ಸೌತ್ ಡಕೋಟದಲ್ಲಿ ಶೇ 3ರ ಸುಮಾರಿಗೆ, ಅಲಾಸ್ಕದಲ್ಲಿ ಶೇ 24 ದಾಟಿತ್ತು. ಕಾನೂನು ಒಂದೇ, ಅರ್ಜಿಯ ನಮೂನೆ ಹೆಚ್ಚುಕಡಿಮೆ ಒಂದೇ, ವ್ಯತ್ಯಾಸ ಇಡೀ ಆಡಳಿತದ್ದು. ತಪ್ಪುಗಳಲ್ಲಿ ಹೆಚ್ಚಿನವು ಆದಾಯ ಬದಲಾದದ್ದನ್ನು ತಡವಾಗಿ ತಿಳಿಸುವುದು, ಬಾಡಿಗೆಯ ಲೆಕ್ಕ ತಪ್ಪುವುದು, ಗುಮಾಸ್ತರು ಕುಟುಂಬದ ಜನರನ್ನು ತಪ್ಪಾಗಿ ಎಣಿಸುವುದು.

2025ರ ಜುಲೈ 4ರಂದು ಸಹಿಯಾದ, ತೆರಿಗೆ ಮತ್ತು ಖರ್ಚಿನ ದೊಡ್ಡ ಕಾಯ್ದೆ ಇದಕ್ಕೆ ಸರಿಯಾದ ಮದ್ದನ್ನೇ ಬರೆಯಿತು. 2027ರ ಅಕ್ಟೋಬರ್‌ನಿಂದ, ತಪ್ಪಿನ ಪ್ರಮಾಣ ಶೇ 6ಕ್ಕಿಂತ ಕಡಿಮೆಯಿರುವ ರಾಜ್ಯ ಏನೂ ಕೊಡಬೇಕಿಲ್ಲ. 6ರಿಂದ 8 ಇದ್ದರೆ ಯೋಜನೆಯ ಶೇ 5ನ್ನು ರಾಜ್ಯ ಭರಿಸಬೇಕು, 8ರಿಂದ 10 ಇದ್ದರೆ ಶೇ 10, ಅದರ ಮೇಲೆ ಹೋದರೆ ಶೇ 15. ತನ್ನ ದುಡ್ಡು ಹೋಗುತ್ತದೆ ಎಂದಾಗ ಯಾವ ರಾಜ್ಯವಾದರೂ ಅರ್ಜಿಯನ್ನು ಎರಡು ಸಲ ಓದುತ್ತದೆ. ಇದು ಕನ್ಸರ್ವೇಟಿವ್ ಸುಧಾರಣೆಯ ಒಳ್ಳೆಯ ಮಾದರಿ. ಆದರೆ ಸೆನೆಟ್‌ನಲ್ಲಿ ಮತ ಕೂಡಿಸುವ ಹೊತ್ತಿಗೆ ಒಂದು ಬಾಲ ಅಂಟಿಸಿದರು: ತಪ್ಪಿನ ಪ್ರಮಾಣ ಸುಮಾರು ಶೇ 13.3 ಮುಟ್ಟಿದ ರಾಜ್ಯಗಳಿಗೆ ಎರಡು ವರ್ಷದವರೆಗೆ ವಿನಾಯಿತಿ. ಶೇ 12 ತಪ್ಪು ಮಾಡಿದ ರಾಜ್ಯ ದಂಡ ಕಟ್ಟಬೇಕು, ಶೇ 14 ಮಾಡಿದ ರಾಜ್ಯ ಕಟ್ಟಬೇಕಿಲ್ಲ! ಅಲಾಸ್ಕದ ಮತ ಬೇಕಿತ್ತು ಎಂಬುದು ಗುಟ್ಟೇನಲ್ಲ. ಇದನ್ನು ಡೆಮಾಕ್ರಟರು ಮಾಡಿದ್ದರೆ ನಮ್ಮ ಕಡೆಯವರು ಬೀದಿಗಿಳಿಯುತ್ತಿದ್ದರು. ನಮ್ಮವರು ಮಾಡಿದಾಗಲೂ ಅಷ್ಟೇ ಗಟ್ಟಿಯಾಗಿ ಹೇಳಬೇಕು, ಇದು ತಪ್ಪು.

ಇದೇ ಯೋಜನೆಯ ಇನ್ನೊಂದು ಸೋರಿಕೆ ತೀರ ಸಣ್ಣ ವಸ್ತುವಿನದು. ಫಲಾನುಭವಿಗೆ ಹೆಚ್ಚಿನ ರಾಜ್ಯಗಳು ಕೊಡುವ ಇಬಿಟಿ ಎಂಬ ಪಾವತಿ ಕಾರ್ಡಿನಲ್ಲಿ ಹಿಂದೆ ಒಂದು ಕಾಂತಪಟ್ಟಿ, ಮುಂದೆ ಚಿಪ್ ಇಲ್ಲ. ಅಂಗಡಿಯ ಯಂತ್ರದ ಮೇಲೆ ಕಳ್ಳರು ತೆಳ್ಳನೆಯ ಸ್ಕಿಮ್ಮರ್ ಕೂರಿಸಿದರೆ ಕಾರ್ಡಿನ ಪ್ರತಿ ಮತ್ತು ಪಿನ್ ಎರಡೂ ಅವರ ಕೈಗೆ. ತಿಂಗಳ ಹಣ ಬಂದ ರಾತ್ರಿಯೇ ಖಾತೆ ಬರಿದು. ಹೀಗೆ ಹೋದ ಹಣವನ್ನು ಫೆಡರಲ್ ಬೊಕ್ಕಸದಿಂದ ಮರಳಿ ಕೊಡುವುದೂ 2024ರ ಡಿಸೆಂಬರ್ 20ಕ್ಕೆ ನಿಂತಿತು, ನಷ್ಟ ಬಡವರ ತಲೆಗೇ ಬಂತು. ಭಾರತದಲ್ಲಿ ಬ್ಯಾಂಕುಗಳು ಬರೀ ಕಾಂತಪಟ್ಟಿಯ ಕಾರ್ಡುಗಳನ್ನು 2018ರ ಕೊನೆಯೊಳಗೆ ಬದಲಿಸಬೇಕೆಂದು ರಿಸರ್ವ್ ಬ್ಯಾಂಕ್ ಗಡುವು ಕೊಟ್ಟಿತ್ತು. ಅಮೆರಿಕದಲ್ಲಿ ಕ್ಯಾಲಿಫೋರ್ನಿಯ ಇಬಿಟಿಗೆ ಚಿಪ್ ಹಾಕಲು ಶುರು ಮಾಡಿದ್ದು 2025ರಲ್ಲಿ.

ಹಾಗೆಂದು ನಮ್ಮ ನ್ಯಾಯಬೆಲೆ ಅಂಗಡಿಯ ಪದ್ಧತಿಯನ್ನು ಹಾಗೇ ಹೊತ್ತೊಯ್ಯಿರಿ ಎನ್ನಲಾರೆ. ಬೆರಳಚ್ಚು ಕೊಟ್ಟ ಮೇಲೆ ಅಕ್ಕಿ ಎಂಬ ನಿಯಮದಿಂದ ಇಲ್ಲದವರ ಹೆಸರಿನ ಅಕ್ಕಿ ನಿಂತಿತು, ನಿಜ. ಜೊತೆಗೆ ಬೀಡಿ ಸುತ್ತಿ, ಗಾರೆ ಕಲಸಿ ಬೆರಳಿನ ಗೆರೆ ಸವೆದವರ ಅಕ್ಕಿಯೂ ಎಷ್ಟೋ ಸಲ ನಿಂತಿದೆ. ಬಾಗಿಲಲ್ಲೇ ತಡೆಯುವ ಪದ್ಧತಿಗೆ ಇದು ತೆರಬೇಕಾದ ಬೆಲೆ, ಆ ಬೆಲೆಯನ್ನು ತೆರುವವರು ಪ್ರಾಮಾಣಿಕರು. ಒಟಿಪಿ, ಕಣ್ಣಿನ ಪಾಪೆ, ನಾಮಿನಿ, ಇಂಥ ಎರಡನೆಯ ದಾರಿ ಇಲ್ಲದೆ ಬಾಗಿಲು ಹಾಕಬಾರದು.

ಮೆಡಿಕೇಡ್‌ನದು ಇನ್ನೂ ಆಳದ ತೊಂದರೆ. ಬಡವರ ಆರೋಗ್ಯದ ಈ ಯೋಜನೆಯಲ್ಲಿ ರಾಜ್ಯ ಒಂದು ಡಾಲರ್ ಹಾಕಿದರೆ ವಾಷಿಂಗ್ಟನ್ ಕನಿಷ್ಠ ಒಂದು ಡಾಲರ್ ಹಾಕುತ್ತದೆ, ಬಡ ರಾಜ್ಯಗಳಿಗೆ ಇನ್ನೂ ಹೆಚ್ಚು. ಈಗ ಈ ಲೆಕ್ಕ ನೋಡಿ. ರಾಜ್ಯ ಆಸ್ಪತ್ರೆಗಳ ಮೇಲೆ ತೆರಿಗೆ ಹಾಕಿ 100 ಡಾಲರ್ ಪಡೆಯುತ್ತದೆ. ಅದನ್ನು ತನ್ನ ಪಾಲು ಎಂದು ತೋರಿಸಿ ವಾಷಿಂಗ್ಟನ್‌ನಿಂದ 100 ಪಡೆಯುತ್ತದೆ. ಒಟ್ಟು 200ನ್ನು ಅದೇ ಆಸ್ಪತ್ರೆಗಳಿಗೆ ಹೆಚ್ಚಿನ ದರವೆಂದು ಕೊಡುತ್ತದೆ. ರಾಜ್ಯದ ಸ್ವಂತ ಖರ್ಚು ಸೊನ್ನೆ, ಆಸ್ಪತ್ರೆಗಳಿಗೆ 100 ಲಾಭ, ಫೆಡರಲ್ ತೆರಿಗೆದಾರನಿಗೆ 100 ಹೊರೆ. ಅಲಾಸ್ಕ ಒಂದನ್ನು ಬಿಟ್ಟು ಎಲ್ಲ ರಾಜ್ಯಗಳಲ್ಲೂ ಇಂಥ ತೆರಿಗೆ ಇದೆ. ರಿಪಬ್ಲಿಕನ್ ರಾಜ್ಯ, ಡೆಮಾಕ್ರಟ್ ರಾಜ್ಯ ಎಂಬ ಭೇದವಿಲ್ಲ. ಆಸ್ಪತ್ರೆಯ ಆದಾಯದ ಶೇ 6ರವರೆಗೆ ಇದಕ್ಕೆ ಅಡ್ಡಿಯಿರಲಿಲ್ಲ. 2025ರ ಕಾಯ್ದೆ ಹೊಸ ತೆರಿಗೆಗಳನ್ನು ತಡೆದಿದೆ, ಮೆಡಿಕೇಡ್ ಅನ್ನು ಇನ್ನಷ್ಟು ಜನರಿಗೆ ವಿಸ್ತರಿಸಿಕೊಂಡ ರಾಜ್ಯಗಳಲ್ಲಿ ಆ ಮಿತಿಯನ್ನು 2028ರಿಂದ ವರ್ಷಕ್ಕೆ ಶೇ 0.5ರಂತೆ ಇಳಿಸುತ್ತ 2032ಕ್ಕೆ ಶೇ 3.5ಕ್ಕೆ ತರುತ್ತದೆ. ವಿಸ್ತರಿಸಿಕೊಳ್ಳದ ಟೆಕ್ಸಸ್, ಫ್ಲಾರಿಡದಂಥ ರಾಜ್ಯಗಳಿಗೆ ಈ ಇಳಿಕೆ ಇಲ್ಲ. ತಂತ್ರ ತಪ್ಪೆಂದಾದರೆ ಎಲ್ಲರಿಗೂ ತಪ್ಪಾಗಬೇಕಿತ್ತು.

ಭಾರತದಲ್ಲಿ ಕೇಂದ್ರ ಪುರಸ್ಕೃತ ಯೋಜನೆಗಳಲ್ಲಿ ಕರ್ನಾಟಕದಂಥ ರಾಜ್ಯಕ್ಕೆ ಸಾಮಾನ್ಯವಾಗಿ 60:40. ನಮ್ಮ ತೆರಿಗೆ ಪಾಲಿನ ಬಗ್ಗೆ ದೆಹಲಿಯೊಡನೆ ಇರುವ ಜಗಳ ಬೇರೆ, ಅದು ನ್ಯಾಯವಾದದ್ದೇ. ಆದರೆ ಹಣ ಹರಿಯುವ ಕ್ರಮದಲ್ಲಿ ಒಂದು ಒಳ್ಳೆಯ ಬದಲಾವಣೆ ಆಗಿದೆ. 2021ರಿಂದ ಪ್ರತಿ ಯೋಜನೆಗೂ ರಾಜ್ಯದಲ್ಲಿ ಒಂದೇ ನೋಡಲ್ ಖಾತೆ. ಮೊದಲು ಜಿಲ್ಲೆ, ತಾಲ್ಲೂಕು ಕಚೇರಿಗಳ ಲೆಕ್ಕವಿಲ್ಲದಷ್ಟು ಬ್ಯಾಂಕ್ ಖಾತೆಗಳಲ್ಲಿ ಕೊಳೆಯುತ್ತಿದ್ದ ಹಣ ಈಗ ಒಂದೆಡೆ ಕಾಣುತ್ತದೆ. ಹಿಂದಿನ ಕಂತಿನ ಬಳಕೆ ಪ್ರಮಾಣಪತ್ರ, ಅಂದರೆ ಕಚೇರಿಗಳಲ್ಲಿ ಎಲ್ಲರೂ ಹೇಳುವ ‘ಯುಸಿ’, ಹೋಗದಿದ್ದರೆ ಮುಂದಿನ ಕಂತು ಬರುವುದಿಲ್ಲ. ಯುಸಿಗಾಗಿ ಗುಮಾಸ್ತರು ಪಡುವ ಪಾಡು ದೊಡ್ಡದೇ, ಸುಳ್ಳು ಯುಸಿಗಳೂ ಇವೆ. ಆದರೂ ‘ಹಿಂದಿನದಕ್ಕೆ ಲೆಕ್ಕ ಕೊಟ್ಟೆಯಾ?’ ಎಂಬ ಪ್ರಶ್ನೆ ಕೊಡುವ ಮುಂಚೆ ಬರುತ್ತದೆ.

ವರ್ಷಾಂತ್ಯದ ಖರ್ಚಿನಲ್ಲಿ ಮಾತ್ರ ಎರಡೂ ದೇಶ ಒಂದೇ. ನಮ್ಮ ಮಾರ್ಚ್ 31, ಅವರ ಸೆಪ್ಟೆಂಬರ್ 30. ಅಲ್ಲಿ ಒಂದು ವರ್ಷದ ಅನುದಾನವೆಂದರೆ ಆ ದಿನದೊಳಗೆ ಗುತ್ತಿಗೆಗೆ ಸಹಿ ಬಿದ್ದಿರಬೇಕು. ಹಣ ಕೊಡುವುದು ಐದು ವರ್ಷದವರೆಗೂ ನಡೆಯಬಹುದು, ಆಮೇಲೆ ಉಳಿದದ್ದು ರದ್ದು. ಖರ್ಚಾಗದೆ ಉಳಿದರೆ ಮುಂದಿನ ವರ್ಷ ಅಷ್ಟು ಬೇಕಿಲ್ಲ ಎಂದು ಸಂಸತ್ತು ಕತ್ತರಿಸುತ್ತದೆ ಎಂಬ ಭಯ. ಹಾಗಾಗಿ ಕೊನೆಯ ವಾರದಲ್ಲಿ ಸಹಿಯ ಮಳೆ. ಜೆಫ್ರಿ ಲೀಬ್‌ಮನ್ ಮತ್ತು ನೀಲ್ ಮಹೋನಿ ಎಂಬ ಅರ್ಥಶಾಸ್ತ್ರಜ್ಞರು 2004ರಿಂದ 2009ರವರೆಗಿನ ಫೆಡರಲ್ ಖರೀದಿಗಳನ್ನು ಜಾಲಾಡಿದಾಗ, ಕೊನೆಯ ವಾರದ ಖರ್ಚು ಉಳಿದ ವಾರಗಳ ಸರಾಸರಿಯ 4.9 ಪಟ್ಟು ಎಂದು ಕಂಡಿತು. ಆ ವಾರ ಕೊಂಡ ಐಟಿ ಯೋಜನೆಗಳ ಗುಣಮಟ್ಟವೂ ಕೀಳಾಗಿತ್ತು. ಆದರೆ ನ್ಯಾಯ ಇಲಾಖೆಯಲ್ಲಿ ಆ ಕುಸಿತ ಇರಲಿಲ್ಲ. ಉಳಿದ ಹಣವನ್ನು ಮುಂದಿನ ವರ್ಷಗಳ ಐಟಿ ಕೆಲಸಕ್ಕೆ ಒಯ್ಯುವ ವಿಶೇಷ ಅಧಿಕಾರ ಆ ಇಲಾಖೆಗಿದೆ. ನನ್ನ ಮಟ್ಟಿಗೆ ಇದು ಈ ಇಡೀ ವಿಷಯದಲ್ಲಿ ಅತಿ ಉಪಯುಕ್ತವಾದ ಸಂಗತಿ. ಅಧಿಕಾರಿಗಳು ಕೆಟ್ಟವರಲ್ಲ, ಕೆಡಿಸುವುದು ಆ ತಾರೀಖು. ಉಳಿಸಿದ್ದರಲ್ಲಿ ಅರ್ಧ ಇಲಾಖೆ ಇಟ್ಟುಕೊಳ್ಳಲಿ, ಅರ್ಧ ಬೊಕ್ಕಸಕ್ಕೆ ಮರಳಲಿ ಎಂಬ ನಿಯಮ ಬಂದರೆ ಸೆಪ್ಟೆಂಬರ್‌ನ ನೂಕುನುಗ್ಗಲು ಬಹಳ ಮಟ್ಟಿಗೆ ನಿಲ್ಲುತ್ತದೆ.

ಭಾರತದ ಹಣಕಾಸು ನಿಯಮಾವಳಿ ಕೊನೆಯ ತಿಂಗಳುಗಳ ಖರ್ಚಿನ ನೂಕುನುಗ್ಗಲನ್ನು ಆರ್ಥಿಕ ಶಿಸ್ತಿನ ಉಲ್ಲಂಘನೆ ಎಂದೇ ಕರೆಯುತ್ತದೆ. ಕೇಂದ್ರದ ಇಲಾಖೆಗಳಿಗೆ ಕೊನೆಯ ತ್ರೈಮಾಸಿಕದಲ್ಲಿ ಶೇ 33, ಮಾರ್ಚ್ ಒಂದರಲ್ಲೇ ಶೇ 15 ಎಂಬ ಮಿತಿ ಇದೆ. ಕಾಗದದ ಮೇಲಿನ ಈ ಮಿತಿಯನ್ನು ದಾಟಲು ಇಲ್ಲೂ ದಾರಿ ಹುಡುಕುತ್ತಾರೆ. ರಾಜ್ಯಗಳಲ್ಲಿ ಮಾರ್ಚ್ ಕೊನೆಗೆ ಹಣವನ್ನು ಅಧಿಕಾರಿಯ ಹುದ್ದೆಯ ಹೆಸರಿನಲ್ಲಿರುವ ಸರ್ಕಾರಿ ಖಾತೆಗೆ, ಅಂದರೆ ‘ವೈಯಕ್ತಿಕ ಠೇವಣಿ ಖಾತೆ’ಗೆ ಹಾಕಿ ಖರ್ಚಾಯಿತೆಂದು ತೋರಿಸುವುದನ್ನು ಸಿಎಜಿ ಮತ್ತೆ ಮತ್ತೆ ಎತ್ತಿ ಹೇಳಿದೆ.

ಇನ್ನು ನಮ್ಮ ಪಾಳೆಯದ ಸ್ವಂತ ಮನೆಗೆ ಬರೋಣ. ಕನ್ಸರ್ವೇಟಿವ್‌ಗಳು ಪ್ರೀತಿಯಿಂದ ಕಾಯುವ ಪೆಂಟಗನ್ 2018ರಲ್ಲಿ ಮೊದಲ ಬಾರಿ ಪೂರ್ಣ ಆಡಿಟ್‌ಗೆ ಒಳಗಾಯಿತು. ಅಂದಿನಿಂದ ಒಂದು ವರ್ಷವೂ ತೇರ್ಗಡೆಯಾಗಿಲ್ಲ. 2024ರ ಅಕ್ಟೋಬರ್‌ನಲ್ಲಿ ಅದರ ಇನ್‌ಸ್ಪೆಕ್ಟರ್ ಜನರಲ್ (ಇಲಾಖೆಯೊಳಗಿನ ಸ್ವತಂತ್ರ ತನಿಖಾಧಿಕಾರಿ) ಕೊಟ್ಟ ವರದಿಯೊಂದು ಸಿ-17 ವಿಮಾನದ ಬಿಡಿಭಾಗಗಳದು. ನಮ್ಮ ವಾಯುಪಡೆಯಲ್ಲೂ ಹನ್ನೊಂದು ಇರುವ ಅದೇ ಸಾಗಣೆ ವಿಮಾನ. ಹನ್ನೆರಡು ಬಿಡಿಭಾಗಗಳಿಗೆ ಸುಮಾರು 10 ಲಕ್ಷ ಡಾಲರ್ ಹೆಚ್ಚು ಕೊಟ್ಟಿದ್ದರು. ಶೌಚಾಲಯದ ಸೋಪ್ ಡಿಸ್ಪೆನ್ಸರ್‌ಗೆ ಮಾರುಕಟ್ಟೆ ಬೆಲೆಯ 80 ಪಟ್ಟಿಗಿಂತ ಹೆಚ್ಚು. ಏಕೆ? ಬಿಡಿಭಾಗಗಳ ಬೆಲೆಪಟ್ಟಿ ಸರಿಯಿದೆಯೇ ಎಂದು ಗುತ್ತಿಗೆಯ ಮುಂಚೆ ವಾಯುಪಡೆ ತಾಳೆ ನೋಡಿರಲಿಲ್ಲ, ಹಣ ಕೊಡುವ ಮುಂಚೆ ಇನ್‌ವಾಯ್ಸ್ ಓದಿರಲಿಲ್ಲ. ಮತ್ತೆ ಅದೇ ರೋಗ. ಇದಲ್ಲದೆ, ಪೂರೈಕೆದಾರ ತನ್ನ ನಿಜವಾದ ತಯಾರಿಕಾ ವೆಚ್ಚ ತೋರಿಸಬೇಕಾದ ಗುತ್ತಿಗೆಯ ಮಿತಿಯನ್ನು 2018ರಲ್ಲಿ 7.5 ಲಕ್ಷದಿಂದ 20 ಲಕ್ಷ ಡಾಲರ್‌ಗೆ ಏರಿಸಿದರು. ಒಬ್ಬನೇ ತಯಾರಕ ಇರುವ ಬಿಡಿಭಾಗವನ್ನು ಸಣ್ಣ ಸಣ್ಣ ಆದೇಶಗಳಲ್ಲಿ ಕೊಂಡರೆ ಆ ವೆಚ್ಚ ತೋರಿಸುವುದು ಪೂರೈಕೆದಾರನಿಗೆ ಕಡ್ಡಾಯವಲ್ಲ.

ಪೋಲಿನ ಪಟ್ಟಿಗಳು ಅಮೆರಿಕದಲ್ಲಿ ಹಳೆಯ ಸಂಪ್ರದಾಯ. ಡೆಮಾಕ್ರಟ್ ಸೆನೆಟರ್ ವಿಲಿಯಂ ಪ್ರಾಕ್ಸ್‌ಮೈರ್ 1975ರಿಂದ 1988ರವರೆಗೆ ಹಣ ಪೋಲು ಮಾಡಿದವರಿಗೆ ‘ಗೋಲ್ಡನ್ ಫ್ಲೀಸ್’ ಎಂಬ ಅಣಕು ಪ್ರಶಸ್ತಿ ಕೊಡುತ್ತಿದ್ದರು. ಆಮೇಲೆ ಒಕ್ಲಹೋಮದ ಸೆನೆಟರ್ ಟಾಮ್ ಕೋಬರ್ನ್, ಅವರ ನಂತರ ಕೆಂಟಕಿಯ ರ‍್ಯಾಂಡ್ ಪಾಲ್ ಪಟ್ಟಿ ಮಾಡಿದರು. ಸೀಗಡಿಯನ್ನು ಟ್ರೆಡ್‌ಮಿಲ್ ಮೇಲೆ ಓಡಿಸಿದ ಸಂಶೋಧನೆ ಎಲ್ಲರಿಗೂ ನೆನಪಿದೆ. ಆ ಟ್ರೆಡ್‌ಮಿಲ್ ಒಂದು ದೊಡ್ಡ ಸಂಶೋಧನೆಯ ಸಣ್ಣ ತುಣುಕು ಎಂಬುದನ್ನು ಯಾರೂ ನೆನೆಯುವುದಿಲ್ಲ. ಜನರ ಗಮನ ಸೆಳೆಯಲು ಪಟ್ಟಿ ಬೇಕು, ಬಜೆಟ್ ಸರಿಪಡಿಸಲು ಅದು ಸಾಲದು.

ಸರ್ಕಾರಿ ಖರ್ಚು ಕಡಿಯಲು ಹೊರಟ ಡೋಜ್ ಎಂಬ ಘಟಕದ 2025ರ ಪ್ರಯತ್ನ ಸೋತದ್ದೂ ಇಲ್ಲೇ. ಅದರ ಮುಂದಾಳು ಎಲಾನ್ ಮಸ್ಕ್ ಮೊದಲು ಹೇಳಿದ್ದು 2 ಲಕ್ಷ ಕೋಟಿ ಡಾಲರ್ ಉಳಿತಾಯ, ಆಮೇಲೆ 1 ಲಕ್ಷ ಕೋಟಿ, ಏಪ್ರಿಲ್ ಹೊತ್ತಿಗೆ 15,000 ಕೋಟಿ. ಉದ್ದೇಶ ಒಳ್ಳೆಯದಿತ್ತು, ಲೆಕ್ಕ ಒಳ್ಳೆಯದಿರಲಿಲ್ಲ. ಪ್ರಕಟಿಸಿದ ಪಟ್ಟಿಯಲ್ಲಿ 80 ಲಕ್ಷ ಡಾಲರ್‌ನ ಒಂದು ಗುತ್ತಿಗೆ 800 ಕೋಟಿ ಎಂದಿತ್ತು. ಇನ್ನೂ ದೊಡ್ಡ ತಪ್ಪು, ಗುತ್ತಿಗೆಯ ಗರಿಷ್ಠ ಮಿತಿಯನ್ನೇ ಉಳಿತಾಯವೆಂದು ಎಣಿಸಿದ್ದು. ಐದು ವರ್ಷದಲ್ಲಿ 10 ಕೋಟಿಯವರೆಗೆ ಕೊಳ್ಳಬಹುದು ಎಂಬ ಗುತ್ತಿಗೆಯಲ್ಲಿ 2 ಕೋಟಿಗಷ್ಟೇ ಆದೇಶ ಹೋಗಿರಬಹುದು. ರದ್ದು ಮಾಡಿದರೆ ಉಳಿಯುವುದು 8 ಕೋಟಿ ಅಲ್ಲ, ಏಕೆಂದರೆ ಆ 8 ಕೋಟಿಯನ್ನು ಯಾರೂ ಎತ್ತಿಟ್ಟೇ ಇರಲಿಲ್ಲ. ಫೆಡರಲ್ ಖರ್ಚಿನಲ್ಲಿ ಸೋಷಿಯಲ್ ಸೆಕ್ಯುರಿಟಿ (ನಿವೃತ್ತರ ಪಿಂಚಣಿ ಯೋಜನೆ), ಮೆಡಿಕೇರ್, ಮೆಡಿಕೇಡ್‌ನಂತೆ ಕಾನೂನಿನ ಬಲದಿಂದಲೇ ಹರಿಯುವುದು ಸುಮಾರು ಶೇ 60, ಬಡ್ಡಿ ಶೇ 13ರ ಆಸುಪಾಸು. ಸಂಸತ್ತು ವರ್ಷವರ್ಷ ಮತ ಹಾಕುವ ಉಳಿದ ಕಾಲು ಭಾಗದಲ್ಲಿ ಅರ್ಧ ರಕ್ಷಣೆ. ಮಿಕ್ಕ ಎಂಟನೇ ಒಂದು ಪಾಲಿನಲ್ಲಿ ಎಷ್ಟೇ ಗುಡಿಸಿದರೂ ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದ ಹಾಗೆ. ಕೊನೆಗೆ ಸಂಸತ್ತು ಕಾನೂನಾಗಿ ಒಪ್ಪಿದ ರದ್ದತಿ 2025ರ ಜುಲೈನಲ್ಲಿ ಸುಮಾರು 900 ಕೋಟಿ ಡಾಲರ್. ಅದೇ ತಿಂಗಳ ದೊಡ್ಡ ಕಾಯ್ದೆಯಿಂದ ಹತ್ತು ವರ್ಷದಲ್ಲಿ ಕೊರತೆ 3.4 ಲಕ್ಷ ಕೋಟಿ ಏರುತ್ತದೆ ಎಂದು ಸಂಸತ್ತಿನ ಬಜೆಟ್ ಕಚೇರಿ ಅಂದಾಜಿಸಿತು. ಸಾಲದ ಕಾರಣಕ್ಕೇ ಅದನ್ನು ವಿರೋಧಿಸಿ ಮತ ಹಾಕಿದ ರಿಪಬ್ಲಿಕನ್ನರಾದ ಥಾಮಸ್ ಮಾಸಿ ಮತ್ತು ರ‍್ಯಾಂಡ್ ಪಾಲ್ ನನ್ನ ಕಣ್ಣಿಗೆ ಮಾತಿನಂತೆ ನಡೆದವರು.

ಕಾವಲುಗಾರರನ್ನು ಕಳೆದುಕೊಂಡದ್ದು ಇನ್ನೂ ನೋವಿನ ವಿಷಯ. ಪ್ರತಿ ಇಲಾಖೆಯಲ್ಲೂ ಸ್ವತಂತ್ರ ಇನ್‌ಸ್ಪೆಕ್ಟರ್ ಜನರಲ್ ಇರುವುದು 1978ರ ಕಾಯ್ದೆಯಿಂದ. ಸೋಪ್ ಡಿಸ್ಪೆನ್ಸರ್ ಹಿಡಿದವರು ಅವರೇ. 2025ರ ಜನವರಿಯಲ್ಲಿ ಅಧ್ಯಕ್ಷ ಟ್ರಂಪ್ ಒಂದೇ ರಾತ್ರಿ ಸುಮಾರು ಹದಿನೇಳು ಮಂದಿಯನ್ನು ತೆಗೆದುಹಾಕಿದರು. 30 ದಿನ ಮುಂಚೆ ಸಂಸತ್ತಿಗೆ ಕಾರಣ ತಿಳಿಸಬೇಕೆಂಬ ನಿಯಮ ಪಾಲನೆಯಾಗಲಿಲ್ಲ. ರಿಪಬ್ಲಿಕನ್ ಸೆನೆಟರ್ ಚಕ್ ಗ್ರಾಸ್ಲಿ ಕಾರಣ ಕೇಳಿದರು. ಕರ್ನಾಟಕದವರಿಗೆ ಈ ಕತೆ ಹೊಸದಲ್ಲ. ನ್ಯಾಯಮೂರ್ತಿ ಸಂತೋಷ್ ಹೆಗ್ಡೆಯವರ ಕಾಲದಲ್ಲಿ ಬಳ್ಳಾರಿಯ ಗಣಿ ಲೂಟಿಯನ್ನು ಬಯಲಿಗೆಳೆದ ಲೋಕಾಯುಕ್ತದಿಂದ 2016ರಲ್ಲಿ ತನಿಖಾ ಅಧಿಕಾರ ಕಿತ್ತು ಎಸಿಬಿ ಕಟ್ಟಿದರು. 2022ರಲ್ಲಿ ಹೈಕೋರ್ಟ್ ಅದನ್ನು ರದ್ದು ಮಾಡಿ ಅಧಿಕಾರ ಮರಳಿ ಕೊಡಬೇಕಾಯಿತು. ಪಕ್ಷ ಯಾವುದೇ ಇರಲಿ, ಅಧಿಕಾರದಲ್ಲಿರುವವರಿಗೆ ಕಾವಲುನಾಯಿ ಬೊಗಳುವುದು ಹಿಡಿಸುವುದಿಲ್ಲ.

ಹೊರನಾಡ ಕನ್ನಡಿಗರಿಗೆ ಇದು ದೂರದ ಚರ್ಚೆಯಲ್ಲ. ಎಚ್-1ಬಿ ವೀಸಾದವರ ಸಂಬಳದಿಂದಲೂ ಸೋಷಿಯಲ್ ಸೆಕ್ಯುರಿಟಿಗೆ ಶೇ 6.2, ಮೆಡಿಕೇರ್‌ಗೆ ಶೇ 1.45 ಮುರಿದುಕೊಳ್ಳುತ್ತಾರೆ, ಕಂಪನಿಯೂ ಅಷ್ಟೇ ಕಟ್ಟುತ್ತದೆ. 40 ತ್ರೈಮಾಸಿಕ, ಅಂದರೆ ಹತ್ತು ವರ್ಷ, ತುಂಬದೆ ಊರಿಗೆ ಮರಳಿದರೆ ಪಿಂಚಣಿ ಇಲ್ಲ. ಭಾರತ ಮತ್ತು ಅಮೆರಿಕದ ನಡುವೆ ಇದನ್ನು ಜೋಡಿಸುವ ಒಪ್ಪಂದವೇ ಆಗಿಲ್ಲ. ಹತ್ತು ವರ್ಷ ತುಂಬಿದವರಿಗೂ ನಿಶ್ಚಿಂತೆಯಿಲ್ಲ. ಈಗಿನಂತೆಯೇ ನಡೆದರೆ ನಿವೃತ್ತಿ ನಿಧಿ 2033ಕ್ಕೆ ಬರಿದಾಗುತ್ತದೆ, ಆಮೇಲೆ ಕೊಡಲು ಸಾಧ್ಯವಾಗುವುದು ಶೇ 77 ಮಾತ್ರ ಎಂದು ಅದರ ಟ್ರಸ್ಟಿಗಳು 2025ರ ವರದಿಯಲ್ಲಿ ಬರೆದಿದ್ದಾರೆ. ಈ ಪ್ರಶ್ನೆಯನ್ನು ಮುಟ್ಟುವ ಧೈರ್ಯ ಎರಡೂ ಪಕ್ಷಗಳಿಗಿಲ್ಲ.

ಅಮೆರಿಕದ ರಾಜ್ಯಗಳು ಮಾತ್ರ ಹಾಸಿಗೆ ಇದ್ದಷ್ಟೇ ಕಾಲು ಚಾಚುತ್ತವೆ. ವರ್ಮಾಂಟ್ ಒಂದನ್ನು ಬಿಟ್ಟರೆ ಎಲ್ಲದರಲ್ಲೂ ಬಜೆಟ್ ಸಮತೂಕದ ನಿಯಮ ಒಂದಲ್ಲ ಒಂದು ರೂಪದಲ್ಲಿದೆ. ಟೆಕ್ಸಸ್‌ನಲ್ಲಿ ಮುಂದಿನ ಎರಡು ವರ್ಷಕ್ಕೆ ಆದಾಯ ಇಷ್ಟು ಎಂದು ಚುನಾಯಿತ ಕಂಪ್ಟ್ರೋಲರ್ ಮೊದಲು ಹೇಳಬೇಕು, ಶಾಸಕರು ಪಾಸು ಮಾಡಿದ ಖರ್ಚು ಅದರೊಳಗಿದೆ ಎಂದು ಅವರು ಪ್ರಮಾಣೀಕರಿಸಿದ ಮೇಲೆಯೇ ಮಸೂದೆ ರಾಜ್ಯಪಾಲರ ಮುಂದೆ ಹೋಗುತ್ತದೆ. ಕರ್ನಾಟಕಕ್ಕೂ ಈ ವಿಷಯದಲ್ಲಿ ಹೆಮ್ಮೆಯ ಇತಿಹಾಸವಿದೆ. ವಿತ್ತೀಯ ಹೊಣೆಗಾರಿಕೆ ಕಾಯ್ದೆಯನ್ನು 2002ರಲ್ಲಿ, ದೇಶದ ಎಲ್ಲ ರಾಜ್ಯಗಳಿಗಿಂತ ಮೊದಲು ತಂದದ್ದು ನಾವು. ಕೊರತೆ ರಾಜ್ಯದ ಒಟ್ಟು ಉತ್ಪನ್ನದ ಶೇ 3ರೊಳಗೆ, ಸಾಲ ಶೇ 25ರೊಳಗೆ ಇರಬೇಕೆಂಬ ಗೆರೆ ಎಳೆದದ್ದು ಆ ಕಾಯ್ದೆ. ಕಾಂಗ್ರೆಸ್, ಬಿಜೆಪಿ, ಜೆಡಿಎಸ್ ಎಲ್ಲರೂ ಆ ಗೆರೆಯನ್ನು ನೋಡುತ್ತಲೇ ಬಜೆಟ್ ಬರೆದಿದ್ದಾರೆ.

ಅಮೆರಿಕದಿಂದ ನಾವು ಕಲಿಯಬೇಕಾದದ್ದೂ ಇದೆ, ಅದರಲ್ಲಿ ಎರಡು ನನಗೆ ಮುಖ್ಯ. ಒಂದು, ಅಂತರ್ಯುದ್ಧದ ನಡುವೆ ಲಿಂಕನ್ ಕಾಲದಲ್ಲಿ, 1863ರಲ್ಲಿ ಬಂದ ಸುಳ್ಳು ಬಿಲ್ಲಿನ ಕಾಯ್ದೆ. ಸರ್ಕಾರಕ್ಕೆ ಮೋಸವಾಗುತ್ತಿದೆ ಎಂದು ಗೊತ್ತಿರುವ ನೌಕರ ತಾನೇ ಸರ್ಕಾರದ ಪರವಾಗಿ ದಾವೆ ಹೂಡಬಹುದು. ಮೋಸ ಮಾಡಿದವನು ನಷ್ಟದ ಮೂರು ಪಟ್ಟು ಕಟ್ಟಬೇಕು. ಸರ್ಕಾರ ದಾವೆಗೆ ಕೈಜೋಡಿಸಿದರೆ ವಸೂಲಾದದ್ದರಲ್ಲಿ ಶೇ 15ರಿಂದ 25 ಆ ನೌಕರನಿಗೆ, ಜೋಡಿಸದಿದ್ದರೆ ಶೇ 25ರಿಂದ 30. 2024ರ ವರ್ಷದಲ್ಲಿ ಈ ಕಾಯ್ದೆಯಡಿ ಆದ ರಾಜಿ ಮತ್ತು ತೀರ್ಪುಗಳ ಮೊತ್ತ ಸುಮಾರು 290 ಕೋಟಿ ಡಾಲರ್. ಭಾರತದಲ್ಲಿ ಇಂಥವರನ್ನು ಕಾಪಾಡುವ ಕಾಯ್ದೆಗೆ 2014ರಲ್ಲೇ ರಾಷ್ಟ್ರಪತಿಯ ಅಂಕಿತ ಬಿತ್ತು. ಅದನ್ನು ಜಾರಿಗೆ ತರುವ ಅಧಿಸೂಚನೆ ಇನ್ನೂ ಬಂದಿಲ್ಲ.

ಎರಡನೆಯದು, ತಪ್ಪನ್ನು ಅಳೆದು ಪ್ರಕಟಿಸುವುದು. ಮೇಲೆ ಹೇಳಿದ ಸ್ನ್ಯಾಪ್‌ನ ಶೇ 10.93 ಆಕಾಶದಿಂದ ಬಿದ್ದದ್ದಲ್ಲ. ಪ್ರತಿ ರಾಜ್ಯವೂ ತಿಂಗಳು ತಿಂಗಳು ಯಾದೃಚ್ಛಿಕವಾಗಿ ಕೆಲವು ಮನೆಗಳನ್ನು ಆರಿಸಿ, ಆದಾಯ, ಬಾಡಿಗೆ, ಕುಟುಂಬದ ಗಾತ್ರವನ್ನು ಮೊದಲಿನಿಂದ ಲೆಕ್ಕ ಹಾಕುತ್ತದೆ. ಅದರಲ್ಲಿ ಒಂದು ಭಾಗವನ್ನು ಫೆಡರಲ್ ಸಿಬ್ಬಂದಿ ಮತ್ತೆ ಪರೀಕ್ಷಿಸುತ್ತಾರೆ. ಇಡೀ ದೇಶಕ್ಕೆ ವರ್ಷಕ್ಕೆ ಸುಮಾರು 50,000 ಮನೆ ಸಾಕಾಗುತ್ತದೆ. ಹೆಚ್ಚು ಕೊಟ್ಟದ್ದನ್ನೂ ಕಡಿಮೆ ಕೊಟ್ಟದ್ದನ್ನೂ ತಪ್ಪೆಂದೇ ಎಣಿಸಿ, ರಾಜ್ಯವಾರು ಸಂಖ್ಯೆಯನ್ನು ಜೂನ್ 30ರೊಳಗೆ ಹೊರಡಿಸಬೇಕೆಂದು ಕಾನೂನು ಹೇಳುತ್ತದೆ.

ಕರ್ನಾಟಕ 2025–26ರ ಬಜೆಟ್‌ನಲ್ಲಿ ಐದು ಗ್ಯಾರಂಟಿಗಳಿಗೆ ಇಟ್ಟದ್ದು 51,034 ಕೋಟಿ ರೂಪಾಯಿ. ಗೃಹಲಕ್ಷ್ಮಿಯ 2,000 ರೂಪಾಯಿ ಒಂದು ಕೋಟಿಗೂ ಹೆಚ್ಚು ಮಹಿಳೆಯರ ಖಾತೆಗೆ ನೇರವಾಗಿ ಹೋಗುತ್ತದೆ. ಯೋಜನೆ ಬೇಕೇ ಬೇಡವೇ ಎಂದು ವಿಧಾನಸೌಧದಲ್ಲಿ ಎಷ್ಟಾದರೂ ವಾದಿಸಲಿ. ಅದರ ಜೊತೆಗೆ, ಜಿಲ್ಲೆಗೆ ಐವತ್ತರಂತೆ ಮನೆಗಳನ್ನು ಚೀಟಿ ಎತ್ತಿ ಆರಿಸಿ, ಆ ಜಿಲ್ಲೆಯವರಲ್ಲದ ಸಿಬ್ಬಂದಿಯನ್ನು ಕಳಿಸಿ, ಮೂರು ಪ್ರಶ್ನೆ ಕೇಳಿಸಬಹುದು: ಹಣ ಅರ್ಹರಿಗೆ ಹೋಗಿದೆಯೇ, ಎಷ್ಟು ತಿಂಗಳದ್ದು ಬಾಕಿಯಿದೆ, ಅರ್ಹರಿದ್ದೂ ಪಟ್ಟಿಯಿಂದ ಬಿಟ್ಟುಹೋದವರು ಆ ಬೀದಿಯಲ್ಲಿ ಎಷ್ಟು ಮಂದಿ. 31 ಜಿಲ್ಲೆಗೆ 1,550 ಮನೆ. ಉತ್ತರಗಳನ್ನು ಜಿಲ್ಲಾವಾರು ಪಟ್ಟಿ ಮಾಡಿ, ಮಾರ್ಚ್‌ನಲ್ಲಿ ಬಜೆಟ್ ಓದುವ ಮುಂಚೆ ಸದನದ ಮೇಜಿನ ಮೇಲಿಡಬೇಕು.